ಜುಲಾಬಿನ ಔಷಧಿ ಕೊಡುವ ಮುಂಚೆ ಕೇಳಬೇಕಾದ ಮಾತು

ಅಂಕೋಲಾದಲ್ಲಿ ಮೆಡಿಕಲ್ ಶಾಪ್ ನೋಡಿಕೊಳ್ಳುವ ಫಾರ್ಮಸಿಸ್ಟ್ ನಾನು. "ಸಂಡಾಸ್ ಸರಿ ಆಗ್ತಾ ಇಲ್ಲ, ಸ್ವಲ್ಪ ಜೋರಾದದ್ದು ಕೊಡಿ" ಅಂತ ದನಿ ತಗ್ಗಿಸಿ ಮಲಬದ್ಧತೆಗೆ ಜುಲಾಬು, ಅಂದರೆ ಮಲ ಇಳಿಸುವ ಔಷಧಿ, ಕೇಳುವವರು ಬರುತ್ತಲೇ ಇರುತ್ತಾರೆ. ಎಷ್ಟೋ ಜನ ಹಿಂದಿನ ರಾತ್ರಿಯಷ್ಟೇ ಒಂದು ಔಷಧಿ ತಗೊಂಡಿರುತ್ತಾರೆ.

ಹಾಗಾಗಿ ಮೊದಲು ಕೇಳುವುದು ಇಷ್ಟು: ಏನು ತಗೊಂಡ್ರಿ, ಯಾವಾಗ ತಗೊಂಡ್ರಿ? ಬಿಸಾಕೋಡಿಲ್ ಅನ್ನೋ ಜುಲಾಬಿನ ಮಾತ್ರೆ ಕೆಲಸ ಮಾಡಲು 6ರಿಂದ 12 ಗಂಟೆ ಬೇಕು. ಲ್ಯಾಕ್ಟುಲೋಸ್ ಸಿರಪ್ಪಿಗೆ, ಇಸಬ್‌ಗೋಲ್‌ಗೆ 2-3 ದಿನ ಹಿಡಿಯಬಹುದು. ಅಷ್ಟು ಕಾಯದೆ ಇನ್ನೊಂದು ಮಾತ್ರೆ, ಅದರ ಮೇಲೆ ಮನೆಯ ಹರಳೆಣ್ಣೆ ಸೇರಿದರೆ ಹೊಟ್ಟೆ ನುಲಿತ, ಭೇದಿ, ತಲೆಸುತ್ತು. ವಯಸ್ಸಾದವರು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದರೆ ಕಷ್ಟ ಅಲ್ವಾ?

ಬಿಸಾಕೋಡಿಲ್ಲನ್ನು ಪುಡಿ ಮಾಡಬಾರದು, ಹಾಲಿನ ಜೊತೆ ನುಂಗಬಾರದು. ಅದರ ಮೇಲಿನ ಲೇಪ ಕರುಳಿಗೆ ಹೋಗಿಯೇ ಕರಗಬೇಕು. ಇಸಬ್‌ಗೋಲ್‌ಗೆ ನೀರು ಜಾಸ್ತಿ ಬೇಕು ಅಂತ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದಕ್ಕೆ ಕೌಂಟರ್ ಮೇಲೇ ಅರ್ಧ ಲೋಟ ನೀರಿಗೆ ಒಂದು ಚಮಚ ಹಾಕಿ ತೋರಿಸುತ್ತೇನೆ. ಸ್ವಲ್ಪ ಹೊತ್ತಿಗೆ ಉಬ್ಬಿ, ಲೋಟ ಓರೆ ಮಾಡಿದರೂ ಹರಿಯದಷ್ಟು ಗಟ್ಟಿಯಾಗುತ್ತದೆ. ನೀರು ಸಾಲದಿದ್ದರೆ ಗಂಟಲಲ್ಲೋ ಕರುಳಲ್ಲೋ ಹಾಗೇ ಕಟ್ಟಿಕೊಳ್ಳಬಹುದು.

ಇನ್ನೊಂದು ಪ್ರಶ್ನೆ ಬೇರೆ ಮಾತ್ರೆಗಳದ್ದು. "ಏನೂ ಇಲ್ಲ ತಮಾ" ಅಂದ ಒಬ್ಬರು ಅಮ್ಮನ ಚೀಲದಲ್ಲಿ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಎರಡೂ ಇದ್ದವು. "ಅದು ಶಕ್ತಿಗೆ ಕೊಟ್ಟದ್ದು, ಔಷಧಿ ಅಲ್ಲ." ಮಲಬದ್ಧತೆಗೆ ಆ ಎರಡೂ ಕಾರಣ ಆಗಬಹುದು. ಟ್ರಮಡಾಲ್‌ನಂಥ ನೋವಿನ ಮಾತ್ರೆಯೂ ಅಷ್ಟೇ. ಸುಮ್ನೆ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೇ ಹೇಳಿ ಅಂದೆ.

ಕಿಡ್ನಿ ತೊಂದರೆ ಇದ್ದವರಿಗೆ ಮೆಗ್ನೀಷಿಯಾ ಇರುವ ಸಿರಪ್ ನಾನಾಗಿ ಕೊಡುವುದಿಲ್ಲ. ಜೋರು ಹೊಟ್ಟೆನೋವು, ವಾಂತಿ, ಗಾಳಿಯೂ ಹೋಗದೆ ಹೊಟ್ಟೆ ಉಬ್ಬಿದ್ದು, ಮಲದಲ್ಲಿ ರಕ್ತ ಇದ್ದರೆ ಯಾವ ಜುಲಾಬೂ ಬೇಡ, ನೇರ ಆಸ್ಪತ್ರೆಗೆ. ಒಂದು ವಾರ ತಗೊಂಡೂ ಸರಿಯಾಗದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಹಾಸಿಗೆ ಹಿಡಿದ ಹಿರಿಯರ ಮನೆಯವರು ಕೆಲವೊಮ್ಮೆ ಉಲ್ಟಾ ಕೇಳುತ್ತಾರೆ: "ದಿನಾ ನೀರಾಗಿ ಸೋರ್ತಾ ಇದೆ, ನಿಲ್ಲೋ ಮಾತ್ರೆ ಕೊಡಿ." ಒಳಗೆ ಗಟ್ಟಿ ಮಲ ಸಿಕ್ಕಿಕೊಂಡು, ಅದರ ಪಕ್ಕದಿಂದ ನೀರು ಮಾತ್ರ ಇಳಿಯುತ್ತಿರಬಹುದು. ಅಂಥವರಿಗೆ ಎಷ್ಟೇ ಕೇಳಿದರೂ ಭೇದಿ ನಿಲ್ಲಿಸುವ ಮಾತ್ರೆ ಕೊಡುವುದಿಲ್ಲ. ಮೊದಲು ಡಾಕ್ಟರ್ ಪರೀಕ್ಷೆ ಮಾಡಲಿ.