ಟಕ್ ಅಂತೈತಿ, ಸೆಲ್ಫ್ ತಗೋವಲ್ದು: ವಾಸ್ಕೋದ ಹಳೇ ಕಾರಿನ ರಿಪೇರಿ ಡೈರಿ

ಶನಿವಾರ

ಕೀ ತಿರುಗಿಸಿದರೆ ಒಂದೇ ಒಂದು ‘ಟಕ್’. ಆಮೇಲೆ ಮೌನ. ಸೆಲ್ಫ್, ಅಂದರೆ ಎಂಜಿನ್ನನ್ನು ಮೊದಲು ತಿರುಗಿಸಿ ಹೊತ್ತಿಸುವ ಮೋಟಾರು, ತಗೊಳ್ಳುತ್ತಿಲ್ಲ. ಮಳೆಗಾಲವಿಡೀ ಗೋವಾದ ವಾಸ್ಕೋದ ಮಾಂಗೋರ್ ಹಿಲ್ಲಿನ ಬಯಲಲ್ಲಿ ನೆನೆದು ನಿಂತ ಎಂಟುನೂರು ಸಿಸಿ ಪೆಟ್ರೋಲ್ ಕಾರು ಇದು. ದೀಪಾವಳಿಗೆ ಅನಮೋಡ ಘಾಟ್ ಹತ್ತಿಸಿ ಧಾರವಾಡಕ್ಕೆ ಒಯ್ಯಬೇಕೆಂದು ಕೈಗೆತ್ತಿಕೊಂಡಿದ್ದೇನೆ.

ಕೆಳಗಿನ ಮನೆಯ ಕಾಕಾ ಗದಗಿನವರು, ಇಲ್ಲೇ ಟ್ಯಾಕ್ಸಿ ಓಡಿಸಿ ತಲೆ ನೆರೆಸಿಕೊಂಡವರು. ನೋಡಿದ್ದೇ ತಡ, “ಬ್ಯಾಟರಿ ಸತ್ತೈತಿ ತಮ್ಮಾ, ಹೊಸಾದು ಹಾಕಿಬಿಡು” ಅಂದರು. ಬ್ಯಾಟರಿ ಸತ್ತಿದ್ದರೆ ಸಾಮಾನ್ಯವಾಗಿ ‘ಟಕಟಕಟಕ’ ಎಂದು ಒಂದೇ ಸಮ ಬಡಿದುಕೊಳ್ಳುತ್ತದೆ: ಸೊಲೆನಾಯ್ಡ್ (ಸೆಲ್ಫಿಗೆ ಕರೆಂಟ್ ಬಿಡುವ ಅಯಸ್ಕಾಂತದ ಸ್ವಿಚ್) ಎಳೆಯುತ್ತದೆ, ಮೋಟಾರಿಗೆ ಕರೆಂಟ್ ಹರಿದೊಡನೆ ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಬಿಟ್ಟುಕೊಡುತ್ತದೆ, ಮತ್ತೆ ಎಳೆಯುತ್ತದೆ. ಇಲ್ಲಿ ಒಂದೇ ಟಕ್. ಮೀಟರ್ ಹಚ್ಚಿದರೆ ಬ್ಯಾಟರಿ 12.5 ವೋಲ್ಟ್. ತುಂಬಿದ ಬ್ಯಾಟರಿಗೆ 12.6 ಇರುತ್ತದೆ, ಅಂದರೆ ತಕರಾರಿಲ್ಲ. ಕೀ ತಿರುಗಿಸಿ ಹಿಡಿದಾಗ 11.4. ಬ್ಯಾಟರಿ ಸೋತಿದ್ದರೆ 9.6ಕ್ಕಿಂತ ಕೆಳಗೆ ಹೋಗಬೇಕಿತ್ತು. ಹೆಡ್‌ಲೈಟೂ ಅಷ್ಟೇನೂ ಮಂಕಾಗಲಿಲ್ಲ.

ಕಾಕಾನ ಎರಡನೇ ಔಷಧಿ, ಪಾನಾದಿಂದ ಸೆಲ್ಫ್ ಮೋಟಾರಿಗೆ ಎರಡೇಟು. ಒಳಗಿನ ಕಾರ್ಬನ್ ಬ್ರಷ್ ಸಿಕ್ಕಿಕೊಂಡಿದ್ದರೆ ಇದು ನಿಜವಾಗಿಯೂ ಕೆಲಸ ಮಾಡುತ್ತದೆ. ಇಲ್ಲಿ ಮಾಡಲಿಲ್ಲ. ಕೊನೆಗೆ ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿ ತಳ್ಳಿದೆವು. ಅರ್ಧ ಓಣಿ ದಾಟುವಷ್ಟರಲ್ಲಿ ಎಂಜಿನ್ ಹೊತ್ತಿಕೊಂಡಿತು. ಪೆಟ್ರೋಲ್, ಪ್ಲಗ್, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಎಲ್ಲದಕ್ಕೂ ಒಂದೇ ಏಟಿಗೆ ಕ್ಲೀನ್ ಚಿಟ್. ರೋಗ ಇರುವುದು ಸೆಲ್ಫಿನ ಸರ್ಕ್ಯೂಟಿನಲ್ಲೇ.

ಭಾನುವಾರ, ಬೆಳಿಗ್ಗೆ

ಟರ್ಮಿನಲ್‌ಗಳ ಬಿಳಿ ಹೂವನ್ನು ಅಡುಗೆ ಸೋಡಾ ನೀರಿನಿಂದ ತೊಳೆದು, ಎಮ್ರಿ ಪೇಪರ್‌ನಲ್ಲಿ ತಿಕ್ಕಿದೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಹೀಗೆ ಮಾಡಿದರೆ ಪಾನಾ ಕಾರಿನ ಲೋಹದ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಫಲಿತಾಂಶ: ಹೊಳೆಯುವ ಟರ್ಮಿನಲ್, ಅದೇ ಟಕ್.

ಇನ್ನು ಅರ್ಥಿಂಗ್. ಬ್ಯಾಟರಿ ಮೈನಸ್‌ನಿಂದ ಒಂದು ಕೇಬಲ್ ಬಾಡಿಗೆ ಹೋಗುತ್ತದೆ. ಬಾಡಿಯಿಂದ ಗೇರ್‌ಬಾಕ್ಸಿಗೆ ಹೆಣೆದ ತಾಮ್ರದ ಪಟ್ಟಿ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುವುದರಿಂದ ಸೆಲ್ಫಿನ ಕರೆಂಟ್ ವಾಪಸ್ ಬರಲು ಈ ಪಟ್ಟಿಯೇ ದಾರಿ. ಮೀಟರನ್ನು ಓಮ್‌ಗೆ (ತಡೆ ಅಳೆಯುವ ಕಡೆ) ಇಟ್ಟು ನೋಡಿದರೆ 0.3. ಚೊಕ್ಕ ಅನ್ನಿಸುತ್ತದೆ. ಆದರೆ ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೂ 0.3! ಇನ್ನೂರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ‘ಪೀಂ’ ಅನ್ನುತ್ತದೆ, ಏಕೆಂದರೆ ಅದು ಹರಿಸುವುದು ಮಿಲಿಆಂಪಿಯರ್ ಲೆಕ್ಕದಲ್ಲಿ. ಸೆಲ್ಫ್ ಕೇಳುವುದು ನೂರಾರು ಆಂಪಿಯರ್. 150 ಆಂಪಿಯರ್ ಹರಿಯುವಾಗ 4.5 ವೋಲ್ಟ್ ನುಂಗಲು 0.03 ಓಮ್ ಸಾಕು, ಅಷ್ಟನ್ನು ಈ ಮೀಟರ್ ಕಾಣಲಾರದು.

ಹಾಗಾಗಿ ಅಳೆಯಬೇಕಾದ್ದು ಕರೆಂಟ್ ಹರಿಯುವಾಗಲೇ, ವೋಲ್ಟಿನಲ್ಲೇ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಹೊತ್ತದಂತೆ ಕಾಯಿಲ್ ಕನೆಕ್ಟರ್ ಕಿತ್ತಿಟ್ಟೆ. ಕೀ ಹಿಡಿಯಲು ಕಾಕಾನ ಮಗಳು. “ಅಣ್ಣಾ, ಹೇಳು, ತಿರುವ್ತೀನಿ.” ಕೀ ತಿರುಗಿಸಿ ಹಿಡಿದ ಎರಡೆರಡು ಸೆಕೆಂಡಿನಲ್ಲಿ, ಎಲ್ಲಿ ಎಷ್ಟು ವೋಲ್ಟ್ ನಷ್ಟವಾಗುತ್ತಿದೆ ಎಂದು ಓದಿಕೊಂಡದ್ದು:

ಬ್ಯಾಟರಿ ಪ್ಲಸ್‌ನಿಂದ ಸೆಲ್ಫಿನ ದಪ್ಪ ಬೋಲ್ಟ್: 0.2. (0.5ರ ಒಳಗಿದ್ದರೆ ಸರಿ.)
ಬ್ಯಾಟರಿ ಮೈನಸ್‌ನಿಂದ ಬಾಡಿ: 0.1.
ಬಾಡಿಯಿಂದ ಗೇರ್‌ಬಾಕ್ಸ್: 5.7.

ಸಿಕ್ಕಿತು ಕಳ್ಳ. ಬ್ಯಾಟರಿ ಕೊಟ್ಟ 11.4ರಲ್ಲಿ ಮೋಟಾರಿಗೆ ಸಿಗುತ್ತಿದ್ದದ್ದು ಅರ್ಧಕ್ಕೂ ಕಡಿಮೆ. ಸೊಲೆನಾಯ್ಡ್ ಒಮ್ಮೆ ಎಳೆದ ಮೇಲೆ ಹಿಡಿದಿಟ್ಟುಕೊಳ್ಳಲು ಅಷ್ಟು ಸಾಕು, ಅದಕ್ಕೇ ಒಂದೇ ಟಕ್. ಎಂಜಿನ್ ತಿರುಗಿಸಲು ಸಾಲದು. ಇನ್ನೊಂದು ಸುಳಿವು ಆಮೇಲೆ ಕೈಗೆ ತಾಗಿತು: ಆಕ್ಸಿಲರೇಟರ್ ಕೇಬಲ್ಲಿನ ಹೊರಕವಚ ಬೆಚ್ಚಗಿತ್ತು. ತನ್ನ ದಾರಿ ಮುಚ್ಚಿದ್ದಕ್ಕೆ ಕರೆಂಟ್ ಅದರೊಳಗೆ ನುಗ್ಗುತ್ತಿತ್ತು. ಬಹಳ ದಿನ ಬಿಟ್ಟಿದ್ದರೆ ಕೇಬಲ್ ಸುಟ್ಟು ಸಿಕ್ಕಿಕೊಳ್ಳುತ್ತಿತ್ತು.

ಖಾತ್ರಿಗೆ ಜಂಪರ್ ಕೇಬಲ್ಲಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಗೇರ್‌ಬಾಕ್ಸಿನ ಬರಿ ಲೋಹಕ್ಕೆ. ಕೀ ತಿರುಗಿಸಿದ್ದೇ ಸೆಲ್ಫ್ ಗರ್ರನೆ ತಗೊಂಡಿತು. ಮೀಟರ್ ಇಲ್ಲದವರು ಈ ಪರೀಕ್ಷೆಯೊಂದನ್ನೇ ಮಾಡಿದರೂ ಆದೀತು.

ಭಾನುವಾರ, ಸಂಜೆ

ಪಟ್ಟಿ ಬಿಚ್ಚಿದಾಗ ಕೈಗೆ ಬಂದದ್ದು ಹಸಿರು ಕಿಲುಬಿನ ಪುಡಿ. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಹೆಣೆದ ತಾಮ್ರ ನೀರನ್ನು ಬತ್ತಿಯಂತೆ ಹೀರಿಕೊಂಡು ಒಳಗೊಳಗೇ ಕೊಳೆಯುತ್ತದೆ. ಹೊಸದಕ್ಕೆ ಹೆಣೆದ ಪಟ್ಟಿ ಬೇಡವೆಂದೆ. ಆಟೋ ಎಲೆಕ್ಟ್ರಿಕ್ ಅಂಗಡಿಯಲ್ಲಿ 25 ಚದರ ಮಿಲಿಮೀಟರ್ ತಾಮ್ರದ ಕೇಬಲ್‌ಗೆ ಎರಡೂ ಕಡೆ ಥಿಂಬಲ್ (ಬೋಲ್ಟಿಗೆ ಸಿಗಿಸುವ ಲೋಹದ ಬಳೆ) ಒತ್ತಿಸಿ, ಮೇಲೆ ಸ್ಲೀವ್ ಹಾಕಿಸಿಕೊಂಡೆ. ಬಾಡಿಯ ಕಡೆ ಬಣ್ಣ ಕೆರೆದು ಲೋಹ ಕಾಣಿಸಿದ ಮೇಲೆ ಬೋಲ್ಟ್ ಬಿಗಿದು, ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಬಳಿದೆ.

ಈಗ ಬಾಡಿಯಿಂದ ಗೇರ್‌ಬಾಕ್ಸ್ 0.1, ಸೆಲ್ಫ್ ತಿರುಗುವಾಗ ಬ್ಯಾಟರಿ 10.6. ಎಂಜಿನ್ ಓಡುವಾಗ ಹೆಡ್‌ಲೈಟ್ ಹಾಕಿದರೂ ಚಾರ್ಜಿಂಗ್ 14.2, ನಿನ್ನೆ ತಳ್ಳಿ ಹೊತ್ತಿಸಿದಾಗ ಅದು 13.5 ಇತ್ತು. ಆಲ್ಟರ್ನೇಟರಿಗೂ ಅದೇ ಪಟ್ಟಿಯೇ ದಾರಿಯಾಗಿತ್ತಲ್ಲ.

ಕಾಕಾ ಒಪ್ಪಿಲ್ಲ. “ಬ್ಯಾಟರಿನೂ ಹಳೇದ ಐತಿ, ಘಾಟಿನ್ಯಾಗ ಕೈ ಕೊಡ್ತೈತಿ ನೋಡು” ಅನ್ನುತ್ತಾರೆ. ಲೋಡ್ ಟೆಸ್ಟ್ (ಹೆಚ್ಚು ಕರೆಂಟ್ ಎಳೆದು ಬ್ಯಾಟರಿ ತಾಳುತ್ತದೆಯೇ ಎಂಬ ಪರೀಕ್ಷೆ) ಮಾಡಿಸಿ ನೋಡುತ್ತೇನೆ. ಅದಕ್ಕಿಂತ ಮೊದಲು ಬ್ಯಾಟರಿ ಕೂರುವ ತಟ್ಟೆಯ ತುಕ್ಕು ಕೆರೆದು ಬಣ್ಣ ಹೊಡೆಯಬೇಕು, ರೇಡಿಯೇಟರಿನ ಮೇಲಿನ ಹೋಸ್ ಬದಲಿಸಬೇಕು.