ಐದು ಮನೆಯ ಕುಂಟೆಬಿಲ್ಲೆ

"ಇಂಗ್ಲಿಷ್ ಮೇಷ್ಟ್ರು ಹೋಗಿಬಿಟ್ರಂತೆ." ಬ್ಯಾಚಿನ ವಾಟ್ಸಾಪ್ ಗುಂಪಿಗೆ ಸುದ್ದಿ ಬಂದದ್ದು ಹೀಗೆ. ಅದರ ಕೊನೆಯ 'ಅಂತೆ'ಯಿಂದಲೇ ಅವರು ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರ ಮಾತನ್ನು ಇನ್ನೊಬ್ಬರು ಹೇಳುವ ಪಾಠ, ಶುರು ಮಾಡುತ್ತಿದ್ದರು. ಮಾತು ನನ್ನದಲ್ಲ, ಯಾರೋ ಹೇಳಿದ್ದು ಎಂಬುದನ್ನು ಕನ್ನಡ ಎರಡಕ್ಷರ ಅಂಟಿಸಿ ಮುಗಿಸುತ್ತದೆ. ಇಂಗ್ಲಿಷ್ ಅದಕ್ಕೊಂದು ಕ್ರಿಯಾಪದವನ್ನೇ ಕೇಳುತ್ತದೆ.

ಆ ವರ್ಷದ ಉಳಿದ ಸಿಲಬಸ್ ಏನಿತ್ತೋ, ಯಾರಿಗೂ ನೆನಪಿಲ್ಲ. ಹಲಗೆಯ ಮೇಲೆ ಅವರು ಬರೆದ ಕುಂಟೆಬಿಲ್ಲೆ ಮಾತ್ರ ಅಳಿಸಿಲ್ಲ: ಮಾತು ತಲುಪಿಸುವ ಕ್ರಿಯಾಪದಗಳಿಗೆ, ಅವುಗಳ ನಂತರ ಏನು ಬರಬೇಕೋ ಅದರಂತೆ, ಐದು ಮನೆ. ಮೊದಲ ಮನೆಯಲ್ಲಿ ಕ್ರಿಯಾಪದ ಆದ ಕೂಡಲೇ 'ಟು': ಪ್ರಾಮಿಸ್, ರೆಫ್ಯೂಸ್, ಆಫರ್, ಥ್ರೆಟನ್. ಎರಡನೆಯದರಲ್ಲಿ ನಡುವೆ ಒಬ್ಬ ಮನುಷ್ಯ ಬೇಕು, ಆಮೇಲೆ 'ಟು': ಅಡ್ವೈಸ್, ವಾರ್ನ್, ಆರ್ಡರ್, ರಿಮೈಂಡ್. ಮೂರರಲ್ಲಿ 'ಇಂಗ್': ಅಡ್ಮಿಟ್, ಡಿನೈ, ಸಜೆಸ್ಟ್. ನಾಲ್ಕರಲ್ಲಿ ಪ್ರಿಪೊಸಿಷನ್ ಸಮೇತ 'ಇಂಗ್': ಇನ್ಸಿಸ್ಟ್ ಆನ್, ಅಪಾಲಜೈಸ್ ಫಾರ್, ಅಕ್ಯೂಸ್ ಆದರೆ ಮನುಷ್ಯನ ನಂತರ 'ಆಫ್'. ಐದನೆಯದು 'ದಟ್' ಮನೆ: ಸೇ, ಎಕ್ಸ್‌ಪ್ಲೇನ್, ಕಂಪ್ಲೇನ್. ಪ್ರಾಮಿಸ್, ಸಜೆಸ್ಟ್‌ಗಳಿಗೆ ಇಲ್ಲಿಯೂ ಜಾಗವುಂಟು. ಮಕ್ಕಳು ಹೆದರುವ ಟೆನ್ಸ್ ಬದಲಾವಣೆ ಬರುವುದು ಈ ಐದನೇ ಮನೆಯಲ್ಲಿ ಮಾತ್ರ. 'ಪ್ರಾಮಿಸ್ಡ್ ಟು ಕಮ್' ಎಂದುಬಿಟ್ಟರೆ 'ವಿಲ್' ಅನ್ನು 'ವುಡ್' ಮಾಡುವ ತಾಪತ್ರಯವೇ ಇಲ್ಲ.

ಗೆರೆ ತುಳಿಸುವುದು ನಮ್ಮ 'ನನಗೆ'. 'ನನಗೆ ಹೇಳಿದ' ಎಂದು ಯೋಚಿಸಿದವನು 'ಸೆಡ್ ಮಿ' ಎಂದು ಬರೆಯುತ್ತಾನೆ, 'ನನಗೆ ವಿವರಿಸಿದ'ವನು 'ಎಕ್ಸ್‌ಪ್ಲೇನ್ಡ್ ಮಿ' ಎಂದು. ಎರಡಕ್ಕೂ ನಡುವೆ 'ಟು' ಬೇಕು. 'ಟೋಲ್ಡ್'ಗೆ ಬೇಡ, ಅಲ್ಲಿ ತಪ್ಪದೆ ಹಾಕುತ್ತೇವೆ. 'ಸಜೆಸ್ಟೆಡ್ ಮಿ ಟು ಗೋ' ಎಂದವನು ಎರಡನೇ ಮನೆಗೆ ಜಿಗಿದು ಔಟ್.

ಒಮ್ಮೆ ಹಿಂದಿನ ಬೆಂಚಿನವರು ಡಸ್ಟರನ್ನು ಹಂಚಿನ ಮಾಡಿನ ಮೇಲೆ ಎಸೆದರು. ಮೇಷ್ಟ್ರು ಬೆತ್ತ ಮುಟ್ಟಲಿಲ್ಲ. ವಿಚಾರಣೆಯನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯಿರಿ, 'ಸೆಡ್' ಒಂದು ಸಲವೂ ಬರಕೂಡದು ಎಂದರು. 'ನಾನು ತಗೊಂಡಿಲ್ಲ ಸಾರ್' ಎಂಬುದು 'ಡಿನೈಡ್ ಟೇಕಿಂಗ್' ಆಯಿತು. 'ಇವನೇ ಸಾರ್' ಎಂದದ್ದು 'ಅಕ್ಯೂಸ್ಡ್ ಹಿಮ್ ಆಫ್ ಥ್ರೋಯಿಂಗ್', 'ಹೌದು ಸಾರ್' ಎಂದದ್ದು 'ಅಡ್ಮಿಟೆಡ್ ಥ್ರೋಯಿಂಗ್', 'ನಾನೇ ಹತ್ತಿ ತೆಗೀತೀನಿ' ಎಂದದ್ದು 'ಆಫರ್ಡ್ ಟು ಗೆಟ್ ಇಟ್'. ಅರ್ಧ ಕ್ಲಾಸು ಎಡವಿದ್ದು ಮೊದಲನೆಯದರಲ್ಲೇ. ಬಾಯಲ್ಲಿ 'ಇಲ್ಲ' ಇತ್ತಲ್ಲ ಎಂದು 'ಡಿನೈಡ್'ನ ಜೊತೆ 'ನಾಟ್' ಕೂಡ ಸೇರಿಸಿದ್ದರು. 'ಡಿನೈ' ಹೊಟ್ಟೆಯೊಳಗೇ ಒಂದು 'ನಾಟ್' ಇದೆ. ಇನ್ನೊಂದು ಸೇರಿಸಿದರೆ ಕದ್ದವನು ತಾನೇ ಒಪ್ಪಿಕೊಂಡ ಹಾಗೆ.

ಕ್ರಿಯಾಪದ ಆರಿಸಿದವನು ತೀರ್ಪನ್ನೂ ಕೊಟ್ಟಿರುತ್ತಾನೆ ಎಂಬುದು ಹೊಳೆದದ್ದು ಆ ಪಿರಿಯಡ್ಡಿನಲ್ಲೇ. ಅದೇ ಹುಡುಗನ ಮಾತಿಗೆ ನಾವು 'ಕ್ಲೇಮ್ಡ್' ಎಂದು ಬರೆದರೆ ನಮಗೆ ನಂಬಿಕೆಯಿಲ್ಲ, 'ಪಾಯಿಂಟೆಡ್ ಔಟ್' ಎಂದರೆ ಅವನ ಮಾತು ನಿಜ. 'ನಾಳೆ ನೋಡ್ಕೋತೀನಿ' ಎಂಬುದನ್ನು 'ಪ್ರಾಮಿಸ್ಡ್' ಎಂದು ಬರೆಯುವವನಿಗೆ ಇಂಗ್ಲಿಷ್ ಬಂದರೂ ಜಗಳ ಅರ್ಥವಾಗಿಲ್ಲ. ಪತ್ರಿಕೆ ಓದುವಾಗ ಈ ಬ್ಯಾಚಿನವರು ಸ್ವಲ್ಪ ಹುಷಾರು ಎಂದರೆ ಜಂಬವೆನ್ನಬೇಡಿ.

ಈಗಿನ ಗೈಡುಗಳಲ್ಲಿ ನಾಲ್ಕೇ ಸೂತ್ರ: ಹೇಳಿಕೆಗೆ 'ಟೋಲ್ಡ್', ಪ್ರಶ್ನೆಗೆ 'ಆಸ್ಕ್ಡ್', ಆಜ್ಞೆಗೆ 'ಆರ್ಡರ್ಡ್', ಉದ್ಗಾರಕ್ಕೆ 'ಎಕ್ಸ್‌ಕ್ಲೇಮ್ಡ್ ವಿತ್ ಜಾಯ್'. ನೀರು ಕೇಳಿದ ಮುದುಕಿಯೂ 'ಆರ್ಡರ್ಡ್'. ಅಂಕವೇನೋ ಬರುತ್ತದೆ.

ಹಾಗೆಂದು ಮೇಷ್ಟ್ರಿಗೆ ಆಡಂಬರವೂ ಆಗುತ್ತಿರಲಿಲ್ಲ. ಡಸ್ಟರ್ ಪಾಠವಾದ ಮೇಲೆ ಎಲ್ಲರೂ 'ಸೆಡ್' ಬಿಟ್ಟು ದೊಡ್ಡ ದೊಡ್ಡ ಪದ ಬಳಸತೊಡಗಿದರು. ಬಸ್ಸು ಐದಕ್ಕೆ ಬರುತ್ತದೆ ಎಂದ ಕಂಡಕ್ಟರನಿಗೆ ಯಾರೋ 'ಡಿಕ್ಲೇರ್ಡ್' ಹಾಕಿದ್ದರು. ಮೇಷ್ಟ್ರು ಅದನ್ನು ಕೆಂಪು ಶಾಯಿಯಲ್ಲಿ ಸುತ್ತಿ, ಪಕ್ಕದಲ್ಲಿ ಕನ್ನಡದಲ್ಲೇ ಬರೆದರು: "ಘೋಷಿಸೋಕೆ ಅವನೇನು ಮಹಾರಾಜನೇನಯ್ಯ?"