ಸೂಜಿಮೊನೆಯಷ್ಟೂ ಕೊಡೆ

ನಾನು ಶಿರಸಿಯಲ್ಲಿ ಹೈಸ್ಕೂಲು ಓದಿದ್ದು 1991ರಿಂದ 94ರವರೆಗೆ. ಚರ್ಚಾಸ್ಪರ್ಧೆ ಎಲ್ಲೇ ಇರಲಿ, ಒಂದು ಸ್ಟೀಲ್ ಲೋಟ ಗೆದ್ದುಕೊಂಡೇ ಬರುತ್ತಿದ್ದೆ. ಮನೆಯಲ್ಲಿ ಇನ್ನೂ ಎಂಟಿವೆ. ಎಲ್ಲದರಲ್ಲೂ ಮಜ್ಜಿಗೆ ಕುಡಿದಾಗಿದೆ.

ಒಂಬತ್ತನೇ ಕ್ಲಾಸಿನ ಮಳೆಗಾಲದಲ್ಲಿ ಕನ್ನಡ ಮಾಸ್ತರು ನಮ್ಮಿಂದ ತಾಳಮದ್ದಳೆ ಮಾಡಿಸಿದರು. ಪ್ರಸಂಗ ಕೃಷ್ಣ ಸಂಧಾನ. ನಾನು ಕೌರವ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಎದುರುಬದುರು ಕೂತವರು ಅರ್ಥ ಹೇಳುತ್ತಾರೆ. ಮಾತು ಅಲ್ಲೇ ಹುಟ್ಟಬೇಕು. ನಾನೋ, ಹತ್ತು ಪುಟ ಬರೆದು ಬಾಯಿಪಾಠ ಮಾಡಿಕೊಂಡಿದ್ದೆ.

ಕೃಷ್ಣನಾಗಿದ್ದವ ನನ್ನ ಬೆಂಚಿನವನೇ. ಮಾತು ಕಡಿಮೆ. ಅವತ್ತು ಗಾಬರಿಯಲ್ಲಿ ಅವನಿಗೆ ಪಾಂಡವರಿಗೆ ಐದು ಊರು ಕೇಳುವುದೇ ಮರೆತುಹೋಯಿತು. ಏನಾದರೂ ಹೇಳಬೇಕಲ್ಲ, ಮೆಲ್ಲಗೆ "ಕೌರವಾ, ನಿನ್ನ ತಂದೆಯವರು ಸೌಖ್ಯವೇ?" ಅಂದ. ನಾನು ಕೇಳಿಸಿಕೊಂಡಿದ್ದರೆ ತಾನೇ? ಅವನ ತುಟಿ ನಿಂತಿದ್ದೇ ತಡ, ತೊಡೆ ತಟ್ಟಿ ಗುಡುಗಿದೆ: "ಸೂಜಿಮೊನೆಯಷ್ಟೂ ಕೊಡೆ!"

ಹೆಂಚಿನ ಮೇಲೆ ಮಳೆ ಹೊಯ್ಯುವುದು ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ ಮದ್ದಳೆಯವರು ಮದ್ದಳೆಯ ಮೇಲೇ ಬಗ್ಗಿ ನಗತೊಡಗಿದರು. ಹೆಡ್ ಮಾಸ್ತರೂ ಕರವಸ್ತ್ರ ತೆಗೆದರು.

ನಮ್ಮ ಮಾಸ್ತರು ಬೈಯಲಿಲ್ಲ. ಮುಂದಿನ ಶನಿವಾರ ರಾತ್ರಿ ಒಂದು ಹಳ್ಳಿಮನೆಯ ತಾಳಮದ್ದಳೆಗೆ ಕರೆದುಕೊಂಡು ಹೋಗಿ ಜಗಲಿಯ ಮೂಲೆಯಲ್ಲಿ ಕೂರಿಸಿದರು. "ತಮಾ, ಮಾತಾಡ್ತಾ ಇದ್ದವರನ್ನ ನೋಡಡ. ಸುಮ್ನೆ ಕೂತವರನ್ನ ನೋಡು."

ಸುಮ್ನೆ ಕೂತವರು ಒಬ್ಬ ಅಜ್ಜ. ದವಡೆಯಲ್ಲಿ ಎಲೆಯಡಿಕೆಯ ಕವಳ. ಎದುರಿನವರು ಮಾತಾಡುವಷ್ಟು ಹೊತ್ತೂ ಅದನ್ನು ಅಗಿಯಲೇ ಇಲ್ಲ. ಬಲಗೈ ಹೆಬ್ಬೆರಳು ಮಾತ್ರ ಕಿರುಬೆರಳಿನ ಬುಡದಲ್ಲಿತ್ತು. ಎದುರಿನವರಿಂದ ಒಂದು ವಾದ ಬಂತೋ, ಹೆಬ್ಬೆರಳು ಒಂದು ಗೆಣ್ಣು ಮೇಲೆ ಹೋಯಿತು. ಇನ್ನೊಂದು ಬಂತು, ಇನ್ನೊಂದು ಗೆಣ್ಣು. ಉಪಮೆ, ಶ್ಲೋಕ, ಕೂಗಾಟಕ್ಕೆಲ್ಲ ಅದು ಅಲ್ಲಾಡಲಿಲ್ಲ. ಏಳನೇ ಗೆಣ್ಣಿಗೆ ಎದುರಿನವರು ನಿಲ್ಲಿಸಿದರು. ಅಜ್ಜ ಎದ್ದು ಅಂಗಳಕ್ಕೆ ಕವಳ ಉಗಿದು ಬಂದು, ಎದುರಿನವರ ಕೊನೆಯ ಮಾತನ್ನೇ ಎತ್ತಿಕೊಂಡು ಶುರುಮಾಡಿದರು. ದನಿ ಏರಲಿಲ್ಲ. ಏಳಕ್ಕೂ ಉತ್ತರ ಬಂತು.

ಬೆಳಗಿನ ಜಾವ ವಾಪಸು ಬರುವಾಗ ಮಾಸ್ತರು ಕೇಳಿದ್ದು ಇಷ್ಟೇ: "ಎಷ್ಟು ಗೆಣ್ಣು?"

ಈಗ ಸಹಕಾರಿ ಸಂಘವೊಂದರ ಸಾಲದ ಕೌಂಟರಿನಲ್ಲಿ ಕೂರುತ್ತೇನೆ. ನಮ್ಮ ಕಡೆ ಜನ ಸಾಲ ಬೇಕು ಅಂತ ನೇರವಾಗಿ ಹೇಳುವುದಿಲ್ಲ. ಮಳೆಯಿಂದ ಶುರು. ಆಮೇಲೆ ಅಡಿಕೆಗೆ ಬಂದ ಕೊಳೆರೋಗ, ಮಗಳ ಮದುವೆ, ದಾಯಾದಿಗಳ ಜಗಳ. ಎದ್ದು ಹೊರಟು ಬಾಗಿಲ ಹತ್ತಿರ ನಿಂತಾಗ ನಿಜ ಸಂಗತಿ ಬರುತ್ತದೆ. ಅಷ್ಟರವರೆಗೆ ಟೇಬಲ್ಲಿನ ಕೆಳಗೆ ನನ್ನ ಹೆಬ್ಬೆರಳು ಗೆಣ್ಣು ಎಣಿಸುತ್ತಿರುತ್ತದೆ. ಒಂದೊಂದು ದಿನ ಎರಡನೇ ಗೆಣ್ಣಿಗೇ ಬಾಯಿ ತೆರೆದುಬಿಡುತ್ತೇನೆ. ಹಳೇ ಚಾಳಿ, ಎಲ್ಲಿ ಹೋಗುತ್ತೆ?

ಕೃಷ್ಣ ಈಗ ಕಾರವಾರದಲ್ಲಿದ್ದಾನೆ. ಫೋನ್ ಎತ್ತಿದ ಕೂಡಲೇ "ನಿನ್ನ ತಂದೆಯವರು ಸೌಖ್ಯವೇ?" ಅನ್ನುತ್ತಾನೆ. ಅಪ್ಪನಿಗೂ ಕತೆ ಗೊತ್ತು. ಒಳಗಿನಿಂದ ಅವರೇ ಉತ್ತರ ಕೂಗುತ್ತಾರೆ.